ಬಾಣಂತಿ ಕೋಣೆಯ ಹಳದಿ ಗಾಜು

1974ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಇಂಡಿ ತಾಲೂಕಿನ ತಾಂಬಾದ ನಮ್ಮ ಮನೆಯಲ್ಲಿ, ಬಾಣಂತಿ ಕೋಣೆಯ ಗಾಜಿಗೆ ಅಂಟಿದ್ದ ಹಳದಿ ಎಣ್ಣೆಬಣ್ಣವನ್ನು ಕೆರೆಯಲಾಯಿತು. ಕೆಲಸ ಸೂರ್ಯ ಹುಟ್ಟುವ ಮೊದಲು ಶುರುವಾಯಿತು; ಅದರ ಫಲ ಸಿಗುವಷ್ಟರಲ್ಲಿ ಇಂಡಿಗೆ ಹೋಗುವ ಮೊದಲ ಬಸ್ಸು ಹೋಗಿತ್ತು.

ಅಕ್ಕ ಚೊಚ್ಚಲ ಹೆರಿಗೆಗೆಂದು ಬಸವನ ಬಾಗೇವಾಡಿಯ ಗಂಡನ ಮನೆಯಿಂದ ಬಂದಿದ್ದಳು. ಅವಳ ಕೋಣೆಗೆ ಬೆಳಕು ಬರುತ್ತಿದ್ದುದು ಮೂಡಣ ಗೋಡೆಯಲ್ಲಿ, ಜಂತಿಯ ಕೆಳಗಿದ್ದ ಒಂದು ಸಣ್ಣ ಕಿಟಕಿಯಿಂದ ಮಾತ್ರ. ಮಣ್ಣಿನ ಗೋಡೆ ತುಂಬ ದಪ್ಪ. ಗಾಜು ಅದರ ಹೊರಮೈಗೆ, ಕಬ್ಬಿಣದ ಸರಳುಗಳು ಒಳಮೈಗೆ. ಸರಳುಗಳ ನಡುವೆ ಕೈ ತೂರುತ್ತಿರಲಿಲ್ಲ. ಪಕ್ಕದ ಮಾಳಿಗೆಯ ಮೇಲೆ ನಿಂತವರ ದೃಷ್ಟಿ ಕೂಸಿಗೆ ತಾಗಬಾರದೆಂದು, ಹೆರಿಗೆಗೆ ಮುಂಚೆ ಕಾಕಾ ಚಕ್ಕಡಿ ಗಾಡಿಗೆ ಹಚ್ಚಿ ಉಳಿದಿದ್ದ ಬಣ್ಣವನ್ನು ಕೋಲಿನ ತುದಿಗೆ ಅರಿವೆ ಕಟ್ಟಿ ಗಾಜಿನ ಒಳಬದಿಗೆ ಬಳಿದಿದ್ದ. ಆಗ ಯಾರೂ ಬೇಡ ಎಂದಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ವಾರದೊಳಗೆ ಒಂದು ಸಂಜೆ ನರ್ಸಬಾಯಿ ನೋಡಲು ಬಂದಳು. ಕೂಸಿನ ರೆಪ್ಪೆ ಎತ್ತಿ ನೋಡಿದಳು, ಮತ್ತೊಮ್ಮೆ ನೋಡಿದಳು.

"ಕಾಮಣಿ ಆಗೇತೇನೋ ಅನಸ್ತೈತ್ರಿ." ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ.

ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಬಾಗಿಲಲ್ಲೇ ಕೂತಿದ್ದಳು. "ದಿನಾ ಅರಿಷಿಣ ಹಚ್ಚಿ ಎರೀತೀವಿ. ಹಳದಿ ಕಾಣದ ಕೆಂಪ ಕಾಣತೈತೇನ?"

"ಕಣ್ಣಾಗೂ ಅರಿಷಿಣ ಹಚ್ಚೀರೇನ್ರಿ?"

"ಈ ಖೋಲ್ಯಾಗ ನೀನೂ ಹಳದೀನ ಕಾಣಸ್ತಿ, ಬಾಯಿ. ನಿನಗೂ ಕಾಮಣಿ ಏನ?"

ಆಯಿಯ ಮಾತು ಸುಳ್ಳಲ್ಲ. ಆ ಗಾಜಿನ ಕೆಳಗೆ ನರ್ಸಬಾಯಿಯ ಬಿಳಿ ಸೀರೆಯೂ ಹಳದಿಯಾಗಿತ್ತು. ಅವಳಿಗೂ ಖಚಿತವಾಗಲಿಲ್ಲ. "ಮುಂಜಾನೆ ಕೂಸನ್ನ ಬಿಸಲಿಗೆ ತಂದ್ ನೋಡ್ರಿ. ಕಣ್ಣ ಹಳದಿ ಇದ್ರ ಮೊದಲನೇ ಬಸ್ಸಿಗೆ ಇಂಡಿಗೆ ಒಯ್ರಿ. ತಡಾ ಮಾಡಬ್ಯಾಡ್ರಿ," ಎಂದು ಹೇಳಿ ಹೋದಳು.

ತೊಟ್ಟಿಲಿಗೆ ಹಾಕುವ ತನಕ ಕೂಸು ಹೊಸ್ತಿಲು ದಾಟುವ ಪದ್ಧತಿ ನಮ್ಮಲ್ಲಿರಲಿಲ್ಲ. ಆಯಿ ಅದನ್ನು ಬಿಡಲಿಲ್ಲ. ಅಪ್ಪ ಅವಳ ಮಾತು ಮೀರಲಿಲ್ಲ. ಕೂಸು ಹೊರಗೆ ಬರುವುದಿಲ್ಲವಾದರೆ ಬೆಳಕೇ ಒಳಗೆ ಬರಲಿ ಎಂದು ಅವನು ತೀರ್ಮಾನಿಸಿದ.

ನಸುಕಿನಲ್ಲಿ ಕಾಕಾ ನಿಚ್ಚಣಿಕೆ ಏರಿದ. ಹೊರಗಿನಿಂದ ಗಾಜು ಮುಟ್ಟಬಹುದಿತ್ತು, ಆದರೆ ಬಣ್ಣ ಇದ್ದದ್ದು ಒಳಗೆ. ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಯನ್ನು ಕೋಲಿಗೆ ಕಟ್ಟಿ ಉಜ್ಜಿದ. ಅರಿವೆ ಕಪ್ಪಾಯಿತು, ಗಾಜು ಹಾಗೇ ಇತ್ತು. ಆಮೇಲೆ ಕೋಲಿನ ತುದಿಗೆ ಕಳೆ ತೆಗೆಯುವ ಕುರಪಿ ಕಟ್ಟಿದ. ಅದು ಸರಳಿಗೆ ಬಡಿಯುತ್ತಿತ್ತು, ಗಾಜಿಗೆ ಓರೆಯಾಗಿ ತಾಗಿ ಜಾರುತ್ತಿತ್ತು. ನಾನು ಕೆಳಗೆ ನಿಚ್ಚಣಿಕೆ ಹಿಡಿದಿದ್ದೆ.

"ಚಕ್ಕಡಿಗಾದ್ರೂ ಇಷ್ಟ ಗಟ್ಟಿ ಹಚ್ಚಿದ್ದಿಲ್ಲ ನೀ," ಎಂದಳು ಅವ್ವ.

"ಹಚ್ಚು ಮುಂದ ಎಲ್ಲಾರೂ ಛಲೋ ಆತು ಅಂದ್ರಿ. ಈಗ ಬೈಗಳ ನನಗೊಬ್ಬಗ."

"ಒಡದ್ ಬಿಡು ಅದನ್ನ," ಎಂದ ಅಪ್ಪ.

"ಬಾಣಂತಿ ಖೋಲ್ಯಾಗ ಗಾಜ ಒಡೀತಾರೇನೋ?" ಎಂದಳು ಆಯಿ. ಕಾಕಾ ಮತ್ತೆ ಕೆರೆಯತೊಡಗಿದ.

ಮೂಲೆಯಿಂದ ಅಕ್ಕನ ದನಿ ಬಂತು. "ಯವ್ವಾ, ಎದಿ ಹಿಡಿವಲ್ದು. ಎಬ್ಬಿಸಿದ್ರೂ ಏಳವಲ್ದು."

"ನಿದ್ದಿ ಮಾಡೂ ಕೂಸು ತಾಯಿಗೆ ಸುಖಾ ಕೊಡತೈತಿ. ಮಲಗಸು," ಎಂದಳು ಆಯಿ.

ಬಣ್ಣ ಚಕ್ಕೆಯಾಗಿ ಏಳಲಿಲ್ಲ, ಪುಡಿಯಾಗಿ ಉದುರಿತು. ಕೊನೆಗೆ ಅಂಗೈಯಗಲ ಗಾಜು ಬಯಲಾಯಿತು. ಬಿಸಿಲು ಒಳಗೆ ಬಂದು ಎದುರು ಗೋಡೆಯ ಮೇಲ್ಭಾಗದಲ್ಲಿ ಬಿತ್ತು, ನಮ್ಮ ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಕೂಸನ್ನು ನಿಚ್ಚಣಿಕೆಯ ಮೇಲೆ ಎತ್ತಿ ಹಿಡಿಯುತ್ತೇನೆಂದ ಕಾಕಾ. ಹಸಿ ಕೂಸನ್ನು ಅಷ್ಟೆತ್ತರಕ್ಕೆ ಕೊಡಲು ಅಕ್ಕ ಒಪ್ಪಲಿಲ್ಲ. ಸೂರ್ಯ ಮೇಲೇರಿದಂತೆ ಬಿಸಿಲು ಗೋಡೆಯಿಂದ ಕೆಳಗಿಳಿಯುತ್ತದೆ ಎಂದು ಅಪ್ಪ ಹೇಳಿದ. ಎಲ್ಲರೂ ಗೋಡೆ ನೋಡುತ್ತ ನಿಂತೆವು. ಬಿಸಿಲು ಗೂಟ ದಾಟಿ, ಗೂಟಕ್ಕೆ ತೂಗುಹಾಕಿದ್ದ ಕೌದಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಇಂಡಿಗೆ ಹೊರಟ ಮೊದಲ ಬಸ್ಸಿನ ಹಾರ್ನ್ ಕೇಳಿಸಿತು.

ಬಿಸಿಲು ಎದೆಮಟ್ಟಕ್ಕೆ ಬಂದಾಗ ಅವ್ವ ಕೂಸನ್ನು ಅದರೊಳಗೆ ಹಿಡಿದಳು. ರೆಪ್ಪೆ ಬಿಡಿಸಿದಳು. ಬಿಳಿಗುಡ್ಡೆ ಅರಿಷಿಣದಂತೆ ಹಳದಿಯಾಗಿತ್ತು. ಆಯಿ ಬಾಗಿಲು ಬಿಟ್ಟು ಎದ್ದಳು.

ಮುಂದಿನ ಬಸ್ಸು ಮಧ್ಯಾಹ್ನಕ್ಕಿತ್ತು. ಇಂಡಿಯ ಡಾಕ್ಟರು ಕೂಸನ್ನು ನೋಡಿ, ಕೂಡಲೇ ಬಿಜಾಪುರಕ್ಕೆ ಒಯ್ಯಲು ಹೇಳಿದರು. ಬಿಜಾಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೂಸು ಉಳಿಯಿತು.

ಅದು ನಡೆದಾಡುವ ವಯಸ್ಸಿಗೆ ಬಂದಾಗ, ಬೆನ್ನ ಹಿಂದೆ ತಾಟು ಬಿದ್ದರೂ ತಿರುಗಿ ನೋಡುವುದಿಲ್ಲ ಎಂಬುದನ್ನು ಅಕ್ಕ ಗಮನಿಸಿದಳು. ಕಾಮಣಿ ತಲೆಗೇರಿ ಕಿವಿಯ ನರ ಕೆಟ್ಟಿರಬೇಕು ಎಂದು ಬಿಜಾಪುರದ ಡಾಕ್ಟರು ಹೇಳಿದರು. ಮೊದಲ ಬಸ್ಸಿಗೇ ತಂದಿದ್ದರೆ ಏನಾಗುತ್ತಿತ್ತು ಎಂದು ಅಪ್ಪ ಕೇಳಿದ. ಅದನ್ನು ಈಗ ಹೇಳಲಾಗದು ಎಂದರು.

ಅಕ್ಕನ ಮಗಳು ಈಗ ಮುದ್ದೇಬಿಹಾಳದಲ್ಲಿದ್ದಾಳೆ. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಅವಳಿಗೆ ಕಿವಿ ಕೇಳಿಸುವುದಿಲ್ಲ.