ಉಸ್ತಾದನ ಎಡಗೈ

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಕೃತಕ ಬುದ್ಧಿಮತ್ತೆ ಎಂಬ ಮಹಾತಾಯಿ ಕೊನೆಗೆ ಸಿಂಧನೂರಿನ ನನ್ನ ಪಡಸಾಲೆಗೂ ದಯಮಾಡಿಸಿದಳು. ನಾನು ಆಯುಷ್ಯವೆಲ್ಲ ನಾಟಕಗಳಿಗೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಬಾರಿಸಿದವನು. ತುರ್ವಿಹಾಳದಿಂದ ಜವಳಗೇರಾದವರೆಗೆ ನನ್ನ ಪೇಟಿ ಕೇಳದ ಊರಿಲ್ಲ, ನನ್ನ ಹೆಸರು ನೆನಪಿಟ್ಟುಕೊಂಡ ಊರೂ ಇಲ್ಲ. ಆ ತಾಯಿಯನ್ನು ಮೊಬೈಲಿನಲ್ಲಿ ಹಾಕಿಕೊಂಡು ಬಂದವನು ನನ್ನ ತಬಲಾ ಜೋಡಿ, ಲಿಂಗಸುಗೂರಿನ ಉಸ್ತಾದ.

ಹಿಂದಿನ ವರ್ಷ ಅವನಿಗೆ ಲಕ್ವಾ ಹೊಡೆದಿತ್ತು. ಮಾತು ಬಂತು, ನಡಿಗೆ ಬಂತು, ಎಡಗೈ ಮಾತ್ರ ಚಹಾದ ಕಪ್ಪು ಹಿಡಿಯುವಷ್ಟೇ ಬಂತು. ತಬಲಾ ಬಲಗೈಯದು, ಗುಂಯ್ಯೆನ್ನುವ ಡಗ್ಗಾ ಎಡಗೈಯದು. ಮಸ್ಕಿಯಲ್ಲಿ ರಂಗಗೀತೆಗಳ ಕಾರ್ಯಕ್ರಮ ಇಟ್ಟುಕೊಂಡಿದ್ದ ಯಜಮಾನರು ಬಹಳ ಸೂಕ್ಷ್ಮವಾಗಿ ಹೇಳಿದರು: "ಉಸ್ತಾದರಿಗೆ ಮುಂದಿನ ಸಾಲಿನ್ಯಾಗ ಕುರ್ಚಿ ಹಾಕಸ್ತೀವ್ರಿ, ಶಾಲು ಹೊದಸ್ತೀವಿ. ಬಾರಸಾಕ ರಿದಂ ಪ್ಯಾಡ್ ತರಸ್ತೀವಿ." ಶಾಲು ಹೊದಿಸುವುದೆಂದರೆ ಕಲಾವಿದನನ್ನು ಮರ್ಯಾದೆಯಿಂದ ಮುಗಿಸುವ ನಮ್ಮ ವಿಧಾನ.

"ನನಗ ಶಾಲು ಬ್ಯಾಡ. ತಬಲಾ ಹಿಂದ ಕುಂದ್ರಾಕ ಆಗಲಿಲ್ಲಂದ್ರ ಮಸ್ಕಿಗಿ ಬರಂಗಿಲ್ಲ, ಯಾವ ಊರಿಗೂ ಬರಂಗಿಲ್ಲ," ಎಂದು ಉಸ್ತಾದ ನನ್ನೆದುರು ಹೇಳಿದ.

ಅವನ ಲೆಕ್ಕ ಸರಳವಾಗಿತ್ತು. ಮೊಬೈಲಿನಲ್ಲಿ ಹಾಕಿಕೊಂಡು ಬಂದಿದ್ದ ಹಾಡು ಕಟ್ಟುವ ಆಪ್ ಡಗ್ಗಾ ಬಾರಿಸುವುದು, ಅವನು ಬಲಗೈಯಲ್ಲಿ ತಬಲಾ ಬಾರಿಸುವುದು. ಟೈಪ್ ಮಾಡುವ ವಿದ್ಯೆ ಇಬ್ಬರಿಗೂ ಅಷ್ಟಕ್ಕಷ್ಟೆ. ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆಂದು ಉಸ್ತಾದ ಮೊಬೈಲನ್ನು ತುಟಿಗೆ ಹಿಡಿದು, ತಹಶೀಲ್ದಾರರ ಮುಂದೆ ನಿಂತವನಂತೆ ಶುರು ಮಾಡಿದ: "ಡಗ್ಗಾ ಒಂದ ಬಾರಸ್ರಿ. ಸಾವಕಾಶ ಬಾರಸ್ರಿ. ದಯಮಾಡಿ ಹಾಡಬ್ಯಾಡ್ರಿ."

"ಮಷಿನ್ನಿಗೆ ಏನ್ ರೀ ಅಂತೀಯೋ?" ಎಂದೆ.

"ಇನ್ನಾ ಗುರ್ತಿಲ್ಲ, ಪರಿಚಯಿಲ್ಲ, ಲೇ ಅನ್ನಾಕ ಆಕ್ಕೈತೇನು? ಮಾಸ್ತರ, ನೀ ಸುಮ್ಕ ಕುಂದರು. ಅದು ಕೇಳಾಕತ್ತೈತಿ."

ಅದು ನಿಜವಾಗಿಯೂ ಕೇಳುತ್ತಿತ್ತು. ಸೂಚನೆ ಬರೆಯುವ ಜಾಗ ಬೇರೆ, ಹಾಡಿನ ಸಾಹಿತ್ಯ ಬರೆಯುವ ಜಾಗ ಬೇರೆ ಎಂಬುದು ನಮಗೆ ಆಮೇಲೆ ತಿಳಿಯಿತು. ನಾವು ಸಾಹಿತ್ಯದ ಜಾಗದಲ್ಲಿ ಮಾತಾಡಿದ್ದೆವು. ಕೊಳಲು, ಪಿಟೀಲು, ಪೇಟಿ, ಡಗ್ಗಾ ಎಲ್ಲದರೊಂದಿಗೆ ಯಾವಳೋ ಹೆಣ್ಣುಮಗಳು "ಬಾರಸ್ರೀ... ಸಾವಕಾಶ ಬಾರಸ್ರೀ" ಎಂದು ಪಲ್ಲವಿ ಎತ್ತಿಕೊಂಡಳು. "ದಯಮಾಡಿ ಹಾಡಬ್ಯಾಡ್ರೀ" ಎಂಬುದನ್ನು ಗಂಟಲು ತುಂಬಿ ಹಾಡಿದಳು. ಉಸ್ತಾದನ ಮರ್ಯಾದೆಯ "ರೀ" ಎಲ್ಲ ಸೇರಿ ಅಚ್ಚುಕಟ್ಟಾದ ಅಂತ್ಯಪ್ರಾಸವಾಗಿತ್ತು. ಚರಣಕ್ಕೆ ಬಂದಾಗ ಹಿಮ್ಮೇಳದವರೆಲ್ಲ ಒಟ್ಟಾಗಿ "ಮಾಸ್ತರ, ನೀ ಸುಮ್ಕ ಕುಂದರು" ಎಂದರು. ನನ್ನ ಹೆಂಡತಿಯೂ ಸೇರಿದಂತೆ ಯಾರೂ ನನಗೆ ಇಷ್ಟು ಇಂಪಾಗಿ ಸುಮ್ಮನಿರು ಎಂದಿರಲಿಲ್ಲ.

ಹಾಳಾದ್ದು, ಧಾಟಿ ಚೆನ್ನಾಗಿತ್ತು. ಅದಕ್ಕೇ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮೊಬೈಲಿನ ಸ್ಪೀಕರ್ ಸರಿಯಿಲ್ಲ ಎಂದೆ.

ಸರಿಯಾದ ಜಾಗದಲ್ಲಿ ಹೇಳಿದ ಮೇಲೆ ಬರೀ ಡಗ್ಗಾ ಕೂಡ ಬಂತು. ಲಿಂಗಸುಗೂರಿನ ಅವನ ಮನೆಯಲ್ಲಿ ತಾಲೀಮು ಇಟ್ಟೆವು. ಹಾಡುವಾಕೆ ಹಳೆಯ ನಾಟಕಗಳ ನಾಯಕಿ. ಮನಸ್ಸು ಬಂದಲ್ಲಿ ಸ್ವರ ಹಿಡಿದು ನಿಂತುಬಿಡುವುದು ಆಕೆಯ ರೂಢಿ, ಆಕೆ ಬಿಡುವವರೆಗೆ ಕಾಯುವುದು ಉಸ್ತಾದನ ರೂಢಿ. ಮೊಬೈಲಿಗೆ ಅಂಥ ರೂಢಿಯೇನೂ ಇರಲಿಲ್ಲ. ಆಕೆ ನಿಂತಳು, ಉಸ್ತಾದ ನಿಂತ, ಡಗ್ಗಾ ತನ್ನ ಪಾಡಿಗೆ ಮುಂದೆ ಹೋಯಿತು.

"ಇದಕ್ಕೇನು ಬಸ್ ತಪ್ಪಾಕತ್ತೈತೇನ್ರಿ?" ಎಂದಳು ಆಕೆ.

ಉಸ್ತಾದ ನಗಲಿಲ್ಲ. ತಬಲಾಕ್ಕೆ ಬಟ್ಟೆ ಹೊದಿಸಿ, ಒಂದೇ ಕೈಯಲ್ಲಿ ಗಂಟು ಹಾಕಲು ಹೆಣಗಿದ. ನಾನು ಸಹಾಯಕ್ಕೆ ಹೋದರೆ ಕೈ ತಳ್ಳಿದ. ಆ ಗಳಿಗೆಯಲ್ಲಿ ನನಗೆ ಬಹಳ ಸಂಕಟವಾಯಿತು.

ಮುಂದಿನ ವಾರ ಅವನೇ ಸಿಂಧನೂರಿಗೆ ಬಂದ. ನನ್ನನ್ನು ರೇಗಿಸಲು ಆ "ಸುಮ್ಕ ಕುಂದರು" ಹಾಡನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ, ಮತ್ತೆ ಮತ್ತೆ ಕೇಳಿದ್ದ. "ಇಲ್ಲಿ ಕೇಳು," ಎಂದ. "ಡಗ್ಗಾ ತಾಳಕ್ಕ ಬಿದ್ದಿಲ್ಲ, ಪೇಟಿ ಉಸಿರು ತಗೊಂಡಲ್ಲಿ ಬಿದ್ದೈತಿ. ತಪ್ಪು ಬಾರಿಸೈತಿ, ಆದ್ರ ಪೇಟಿ, ಡಗ್ಗಾ ಎರಡೂ ಒಬ್ಬಾಂವ ಬಾರಿಸಿದಂಗ ಐತಿ." ಹಾಗೆಂದವನು ನನ್ನ ಎಡಗೈಯನ್ನೇ ನೋಡತೊಡಗಿದ.

ನನ್ನದು ಕಾಲುಪೇಟಿ. ಗಾಳಿ ತುಂಬುವುದು ಕಾಲುಗಳ ಕೆಲಸ, ಸ್ವರದ ಮನೆ ಒತ್ತುವುದು ಬಲಗೈಯ ಕೆಲಸ. ಎಡಗೈ ಆಗೊಮ್ಮೆ ಈಗೊಮ್ಮೆ ಕೆಳಗಿನ ಸ್ವರ ಒತ್ತಿ, ಉಳಿದ ಹೊತ್ತು ಹಾಡುವವರಿಗೆ ಸನ್ನೆ ಮಾಡುವ ನೆಪದಲ್ಲಿ ಸರ್ಕಾರಿ ನೌಕರಿ ಮಾಡುತ್ತದೆ. ಅದನ್ನು ಉಸ್ತಾದ ದುಡಿಮೆಗೆ ಹಚ್ಚಿದ. ಎಡಕ್ಕೆ ಸ್ಟೂಲಿಟ್ಟು ಅದರ ಮೇಲೆ ಡಗ್ಗಾ ಕೂರಿಸಿದ. ಗುರುಗಳಾಗಿ ಅವನ ಬಾಯಿ ಎಂಥದ್ದೆಂದು ಆಗ ತಿಳಿಯಿತು. ಯಂತ್ರಕ್ಕೆ ಕೊಟ್ಟಿದ್ದ ಒಂದು "ರೀ" ಕೂಡ ನನಗೆ ಸಿಗಲಿಲ್ಲ.

"ಲೇ, ರೊಟ್ಟಿ ಬಡಿಯಾಕತ್ತೀಯೇನು? ಮಣಿಕಟ್ಟು ಒತ್ತು."

ಯಂತ್ರದ ಧಾಟಿಯಲ್ಲಿ ಅರ್ಧ ಇಟ್ಟುಕೊಂಡೆವು, ಅರ್ಧ ಮುರಿದು ಕಟ್ಟಿದೆವು, ಬೇರೆ ಮಾತು ಕೂರಿಸಿದೆವು. ಮಸ್ಕಿಯಲ್ಲಿ ಆ ಸಂಜೆ "ಸಂಗೀತ ಸಂಯೋಜನೆ ಮಾಸ್ತರರು ಮತ್ತು ಉಸ್ತಾದರು" ಎಂದು ಘೋಷಿಸಿದರು. ಯಂತ್ರ ತಕರಾರು ತೆಗೆಯಲಿಲ್ಲ. ಆ ವಿಷಯದಲ್ಲಿ ಅದು ಮನುಷ್ಯರಿಗಿಂತ ದೊಡ್ಡದು.

ಹಾಡುವಾಕೆ ಚರಣದ ನಡುವೆ ಸ್ವರ ಹಿಡಿದು ನಿಂತಳು. ಉಸ್ತಾದನ ಬಲಗೈ ನಿಂತಿತು. ನನ್ನ ಎಡಗೈಯೂ ನಿಂತಿತು. ಆಕೆ ಇಳಿದಾಗ ತಬಲಾ, ಡಗ್ಗಾ ಒಟ್ಟಿಗೆ ಬಿದ್ದವು. ಅಂಥ ಸಂತೋಷ ನನಗೆ ಈಚೆಗೆ ಆಗಿರಲಿಲ್ಲ. ಎರಡು ಕಡೆ ನನ್ನ ಕೈ ತಡವಾಯಿತು ನಿಜ, ಉಸ್ತಾದನ ಪಿಸುಮಾತಿನ ಬೈಗುಳ ಮಾತ್ರ ತಾಳ ತಪ್ಪದೆ ಬಂತು.

ಮುಗಿದ ಮೇಲೆ ಯಜಮಾನರು ಓಡಿ ಬಂದರು. ಪೇಟಿಯ ಮರೆಯಲ್ಲಿದ್ದ ಸ್ಟೂಲು ಅವರಿಗೆ ಕಂಡಿರಲಿಲ್ಲ, ಡಗ್ಗಾ ಬಾರಿಸುವ ಆಪ್ ಇದೆಯೆಂಬ ಸುದ್ದಿ ಕಿವಿಗೆ ಬಿದ್ದೇ ಅವರು ಉಸ್ತಾದನನ್ನು ತಬಲಾಕ್ಕೆ ಕೂರಿಸಲು ಒಪ್ಪಿದ್ದರು.

"ಉಸ್ತಾದರ, ಡಗ್ಗಾದ ಮಷಿನ್ ಚಲೋ ಐತ್ರಿ. ಪಾಮನಕಲ್ಲೂರಿಗೂ ನೀವ ಬರ್ರಿ, ಪ್ಯಾಡ್ ಬ್ಯಾಡ. ಎರಡ ಕಡೆ ತುಸು ತಡಾ ಆತು, ಅಷ್ಟು ಅಪ್‌ಡೇಟ್ ಮಾಡಸ್ರಿ."

ಉಸ್ತಾದ ನನ್ನ ಕಡೆ ನೋಡಿದ.

"ಹಳೇ ಮಾಡೆಲ್ ಐತ್ರಿ, ಅಪ್‌ಡೇಟ್ ಆಗಂಗಿಲ್ಲ," ಎಂದ. "ಆದ್ರ ನಾ ನಿಂತ್ರ ನಿಂದರತೈತಿ."