ಚಾಚಾನ ಒಣ ಚಪ್ಪಲಿ

ಚಾಚಾನ ಬಲಗೈ ಉಗುರುಗಳಲ್ಲಿ ಗ್ರೀಸು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಹಬ್ಬದ ದಿನ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು ನಮ್ಮ ಮನೆಗೆ ಸುರಕುಂಬಾ ಪಾಯಸ ತಂದಾಗಲೂ ಆ ಐದು ಬೆರಳು ಮಾತ್ರ ಇನ್ನೂ ಗ್ಯಾರೇಜಿನಲ್ಲೇ ಇದ್ದಂತೆ ಕಾಣುತ್ತಿದ್ದವು. ಆ ಕೈ ಸೀಟಿನ ಹಿಂದೆ ಇದೆ ಎಂಬ ಒಂದೇ ಧೈರ್ಯದ ಮೇಲೆ ದಾಂಡೇಲಿಯ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೈಕಲ್ ಕಲಿತೆವು.

ಹಳಿಯಾಳ ರಸ್ತೆಗೆ ಅವರದೊಂದು ಪುಟ್ಟ ಗ್ಯಾರೇಜು. ಮುಂದೆ ಬಾಡಿಗೆ ಸೈಕಲ್ಲು, ಒಳಗೆ ಮೋಟಾರ್‌ಸೈಕಲ್ ರಿಪೇರಿ. ನಮ್ಮದು ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದ ಮನೆತನ. ನಮ್ಮ ಗೋಡೆಗೆ ಹತ್ತಿಯೇ ಅವರ ಮನೆ. ನನಗೆ ಸೈಕಲ್ ಕಲಿಸುತ್ತೇನೆಂದು ಚಾಚಾ ಹೇಳಿದಾಗ ಅಪ್ಪ, "ಹೆಣ್ಣಹುಡುಗಿ, ಬಿದ್ದು ಕೈಕಾಲು ಮುರಕೊಂಡ್ರ ಏನ್ ಮಾಡೂಣು?" ಎಂದು ಗೊಣಗಿದ್ದ. ಚಾಚಾ ನಗಲಿಲ್ಲ. "ಬೀಳಸೂದಾದ್ರ ಹೇಳೇ ಬೀಳಸ್ತೇನ್ರಿ" ಎಂದರು.

ಅದು ತಮಾಷೆಯಲ್ಲ, ಅವರು ಕಲಿಸುವ ಪದ್ಧತಿಯೇ ಹಾಗೆ. ಸೈಕಲ್ ಕಲಿಸುವ ಉಳಿದವರೆಲ್ಲ ಹಿಂದಿನಿಂದ "ಹಿಡದೇನಿ, ಹಿಡದೇನಿ" ಎಂದು ಕೂಗುತ್ತಿರುತ್ತಾರೆ, ಕೈ ಮಾತ್ರ ಎಂದೋ ಬಿಟ್ಟಿರುತ್ತಾರೆ. ನಮ್ಮಣ್ಣ ಹಾಗೇ ಕಲಿತವನು. ಮೊಣಕಾಲ ಗಾಯದ ಗುರುತು ಇನ್ನೂ ಇದೆ. ಚಾಚಾಗೆ ಈ ಮೋಸ ಕಂಡರೆ ಆಗುತ್ತಿರಲಿಲ್ಲ. ಅವರು ಮೊದಲು "ಬಿಡ್ತೇನಿ ಬೇಟಾ" ಎನ್ನುವರು. ನಾವು "ಬ್ಯಾಡ ಚಾಚಾ" ಎಂದರೆ ಮುಗಿಯಿತು, ಬಿಡುತ್ತಿರಲಿಲ್ಲ. ನಾನಂತೂ ಮೈದಾನ ಸವೆಯುವಷ್ಟು ದಿನ ಬ್ಯಾಡ ಬ್ಯಾಡ ಎಂದೆ. ಅವರು ಏದುಸಿರು ಬಿಡುತ್ತ ಹಿಂದೆ ಓಡಿದರೇ ಹೊರತು ಒಮ್ಮೆಯೂ ಸುಳ್ಳು ಹೇಳಲಿಲ್ಲ. "ಹಿಡದೇನಿ ಅಂತ ಹೇಳಿ ಕೈ ಬಿಟ್ರ ಸೈಕಲ್ ಏನೋ ಬರ್ತೈತಿ," ಎನ್ನುತ್ತಿದ್ದರು, "ಆದ್ರ ಮುಂದ ಆ ಕೂಸು ಯಾರನ್ನೂ ನಂಬೂದಿಲ್ಲ."

ಇಂಥವರು ವಯಸ್ಸಾದ ಮೇಲೆ ಒಂದು ಮಳೆಗಾಲ ಬಚ್ಚಲ ಬಾಗಿಲಲ್ಲಿ ಪಾಚಿಗೆ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು, ಕೂಡಿತು. ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಹೆದರಿಕೆ ಬಂದು ಕೂತದ್ದು ಕಾಲಿನಲ್ಲೇ. ಹೊಸ್ತಿಲು ದಾಟುವಾಗ ಹೊಳೆಗೆ ಇಳಿಯುವವರ ಹಾಗೆ ಪಾದ ಚಾಚುವರು, ಹಿಂದೆಳೆದುಕೊಳ್ಳುವರು. ಜತೆಗೆ ಮರೆವೂ ಶುರುವಾಗಿತ್ತು. ಕೇಳಿದ್ದನ್ನೇ ಕೇಳುವರು, ನನ್ನನ್ನು ನಮ್ಮವ್ವನ ಹೆಸರು ಹಿಡಿದು ಕರೆಯುವರು. ಆದರೂ ಸಂಜೆ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಕಂಪೌಂಡ್ ಗೋಡೆಗಳನ್ನು ಹಿಡಿದು ಹಿಡಿದು ಗ್ಯಾರೇಜಿಗೆ ಹೋಗಿ, ಹಳೇ ಗೆಳೆಯರ ಜತೆ ಚಾ ಕುಡಿದು ಬರುವುದನ್ನು ಬಿಟ್ಟಿರಲಿಲ್ಲ. ಹಳಿಯಾಳದ ಶಾಲೆಯಲ್ಲಿ ಪಾಠ ಹೇಳಿ ಬಸ್ಸಿಳಿದು ಬರುವ ನನಗೆ ದಾರಿಯಲ್ಲಿ ಸಿಗುತ್ತಿದ್ದರು. "ಹೆದರಿಕಿ ಆಗ್ತೈತಿ ಬೇಟಾ," ಎನ್ನುವರು, "ಆದ್ರ ಮನ್ಯಾಗ ಕೂತ್ರ ಇನ್ನೂ ಹೆದರಿಕಿ."

ಹೋದ ಮಳೆಗಾಲದಲ್ಲಿ ಅವರು ದಾರಿಯಲ್ಲಿ ಸಿಗುವುದು ನಿಂತುಹೋಯಿತು. ಒಂದು ಸಂಜೆ ಕೊಡೆ ಮಡಚಿ ಅವರ ಮನೆಯೊಳಗೆ ಹೋದೆ. ಚಾಚಾ ಮಂಚದ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು.

"ಗ್ಯಾರೇಜಿಗೆ ಹೋಗಿಲ್ಲೇನು ಚಾಚಾ?"

"ಈಗಷ್ಟ ಹೋಗಿ ಬಂದೇನಂತ. ಮಗಾ ಹೇಳಿದ. ದಿನಾ ಹೋಗ್ತೇನಂತ." ಕಣ್ಣು ಒರೆಸಿಕೊಂಡರು. "ದಾರಿ ನಡದದ್ದು, ಚಾ ಕುಡದದ್ದು, ಒಂದೂ ನೆನಪಿಲ್ಲ ನೋಡು. ಎಲ್ಲಾ ಹೋತು ಬೇಟಾ. ಖಾಲಿ ಆದೆ ನಾನು."

ಹೊರಗೆ ಹಗಲೆಲ್ಲ ಮಳೆ ಸುರಿದಿತ್ತು. ಬಾಗಿಲ ಬಳಿ ಅವರ ಚಪ್ಪಲಿ ಒಣಗಿ ಬಿರುಸಾಗಿ ಬಿದ್ದಿತ್ತು. ಪಟ್ಟಿಯಡಿ ಜೇಡ ಬಲೆ ಕಟ್ಟಿತ್ತು.

ಅಡುಗೆಮನೆಗೆ ಹೋಗಿ ಚಾಚಿಯನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮತ್ತ ಬಿದ್ರ ಎತ್ತಾವ್ರು ಯಾರವ್ವಾ? ಹೋಗಬ್ಯಾಡ್ರಿ ಅಂದ್ರ ಕೇಳೂದಿಲ್ಲ. ಹೋಗಿ ಬಂದ್ರಿ ಅಂದ್ರ ಸುಮ್ನ ಕೂಡ್ತಾರ." ಅಷ್ಟರಲ್ಲಿ ಗ್ಯಾರೇಜಿನಿಂದ ಬಂದ ಮಗ ನಮ್ಮ ಮಾತು ಕೇಳಿಸಿಕೊಂಡು ದನಿ ತಗ್ಗಿಸಿದ: "ಹೆಂಗೂ ಅವರಿಗೆ ನೆನಪಿರೂದಿಲ್ಲಲ್ಲ, ಅಕ್ಕಾ."

ಅವನೇನು ಕೆಟ್ಟವನಲ್ಲ. ಅಪ್ಪನನ್ನು ಎತ್ತಿ ಸ್ನಾನ ಮಾಡಿಸುವವನು ಅವನೇ. ಅವರು ಬಿದ್ದ ದಿನ ಓಣಿಯಲ್ಲಿ ನಿಂತು ಎಲ್ಲರೆದುರು ಅತ್ತವನೂ ಅವನೇ. ಆದರೆ ಬೀಳುತ್ತಾರೆಂಬ ಭಯಕ್ಕೆ, ಅವರಲ್ಲಿ ಉಳಿದಿದ್ದ ನೆನಪಿನ ಮೇಲೂ ಅವರಿಗೆ ಭರವಸೆ ಇಲ್ಲದಂತೆ ಮಾಡಿದ್ದ. ಮರೆಯದೇ ಇದ್ದದ್ದನ್ನು ಮರೆತೆನೆಂದು ಅವರು ಅಳುತ್ತಿದ್ದರು. ಅದೂ ಯಾರಿಗೆ ಈ ಮೋಸ? ಪರರ ಮಕ್ಕಳಿಗೆ ಸೈಕಲ್ ಕಲಿಸುವಾಗಲೂ ಒಂದು ಸುಳ್ಳು ಆಡದವರಿಗೆ.

ಚಪ್ಪಲಿ ತಂದು ಅವರ ಮುಂದಿಟ್ಟೆ. "ಚಾಚಾ, ನೀವು ಎಲ್ಲೂ ಹೋಗಿಲ್ಲ. ಮುಟ್ಟಿ ನೋಡ್ರಿ."

ಬಗ್ಗಿ ಮುಟ್ಟಿದರು. ಉಗುರಿನಿಂದ ಬಲೆ ತೆಗೆದರು. ಬೈಸಿಕೊಳ್ಳಲು ಸಿದ್ಧನಾಗಿ ಮಗ ಬಾಗಿಲಲ್ಲಿ ನಿಂತಿದ್ದ, ಬೈದಿದ್ದರೆ ಚೆನ್ನಾಗಿತ್ತು. ಅವರು ಅವನ ಕಡೆ ನೋಡಲೂ ಇಲ್ಲ. "ಬಿಡ್ತೇನಿ ಅಂತ ಹೇಳಿದ್ರ," ಎಂದರು ನನಗೆ, "ನಾನರ ಬ್ಯಾಡ ಅಂತಿದ್ದೆ."

ಮರುದಿನದಿಂದ ನನ್ನ ಹೆಗಲ ಮೇಲೆ ಕೈಯಿಟ್ಟು ಗ್ಯಾರೇಜಿಗೆ ನಡೆದರು. ದಾರಿಯುದ್ದಕ್ಕೂ "ಜೋಡೀನ ಅದೀ ಅಲ್ಲ?" ಎಂದು ಕೇಳುವರು, "ಅದೇನಿ ಚಾಚಾ" ಎನ್ನುವೆ. ಆದರೆ ಹಿಂದೆ ಕೂಸುಗಳ ಬಗ್ಗೆ ಹೇಳುತ್ತಿದ್ದದ್ದು ಈಗ ಅವರಿಗೇ ಆಗಿತ್ತು. ಊಟ ಆಯಿತೆಂದು ಚಾಚಿ ಹೇಳಿದರೆ ಉಂಡ ತಾಟು ತೋರಿಸು ಎನ್ನುವರು. ಮಗ ಕೊಟ್ಟ ಗುಳಿಗೆಯನ್ನು ಹೊರಳಿಸಿ ಹೊರಳಿಸಿ ನೋಡುವರು. ಅವನು ತಪ್ಪಾಯಿತೆಂದು ಕಾಲಿಗೆ ಬಿದ್ದ. ತಲೆ ಸವರಿದರು. ಆದರೆ ಹೊಸ್ತಿಲು ದಾಟುವಾಗ ಅವನು ಕೈ ಕೊಟ್ಟರೆ ಮಾತ್ರ ಅದನ್ನು ಬಿಟ್ಟು ಗೋಡೆ ಹಿಡಿಯುತ್ತಿದ್ದರು.

ಚಳಿಗಾಲಕ್ಕೆ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಎಲ್ಲರೂ ಅಷ್ಟು ಹೆದರಿದ್ದರಲ್ಲ, ಮತ್ತೊಮ್ಮೆ ಅವರು ಬೀಳಲೇ ಇಲ್ಲ. ಕಡೆಯ ಸಂಜೆ ಭೋಂಗಾ ಕೇಳಿ ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಇವತ್ತ ಗ್ಯಾರೇಜಿಗೆ ಹೋಗಿದ್ವೇನು ಬೇಟಾ?"

ಚಾಚಿ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಹೂಂ ಅನ್ನು ಎಂದು ಅವರ ಕಣ್ಣು ಬೇಡುತ್ತಿತ್ತು. ಮಂಚದ ಕಾಲ ಬಳಿ ಕೂತಿದ್ದ ಮಗ ತಲೆ ಎತ್ತಲಿಲ್ಲ. ಹೂಂ ಎನ್ನುವುದು ಎಷ್ಟು ಸುಲಭವೆಂದು ನನಗೆ ಆಗ ಗೊತ್ತಾಯಿತು.

"ಇಲ್ಲ ಚಾಚಾ," ಎಂದೆ. "ಭಾಳ ದಿನಾ ಆತು, ಹೋಗಿಲ್ಲ."

ಅವರ ಮುಖ ಅರಳಿತು. ನನ್ನ ಕೈಯನ್ನು ಸೈಕಲ್ಲಿನ ಸೀಟು ಹಿಡಿದಷ್ಟು ಬಿಗಿಯಾಗಿ ಹಿಡಿದರು.

"ಹೌದಲ್ಲ? ನನಗೂ ಹಂಗ ನೆನಪೈತಿ."