ಅತ್ತೆ ಬರೆಸಿದ ತೂಕ

ಮೂವತ್ತು ವರ್ಷ ಬಸುರಿಯರ ರಕ್ತ ತೆಗೆದವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಚುಚ್ಚುವ ಕೆಲಸ ಅವಳಿಗೆ ಎಂದೂ ಬೇಸರ ತರಲಿಲ್ಲ. ತಲೆ ಚಿಟ್ಟು ಹಿಡಿಸಿದ್ದು ಒಂದೇ ಪ್ರಶ್ನೆ: ಗಂಡೋ ಹೆಣ್ಣೋ? ಈ ಪರೀಕ್ಷೆ ಅದಕ್ಕಲ್ಲ, ತಾಯಿಯ ರಕ್ತದಲ್ಲಿರುವ ಪ್ರೋಟೀನ್ ಅಳೆದು ಮಗುವಿಗೆ ತೊಂದರೆಯಿರಬಹುದೇ ಎಂದು ಅಂದಾಜು ಮಾಡುವುದಕ್ಕೆ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಒಂದು ಬೆಳಿಗ್ಗೆ ಒಬ್ಬ ಅತ್ತೆ ಸೊಸೆಯನ್ನು ಕರೆದುಕೊಂಡು ವರದಿ ಹಿಡಿದು ಬಂದಳು. ಒಂದು ಪ್ರೋಟೀನು ಇರಬೇಕಾದ್ದಕ್ಕಿಂತ ದುಪ್ಪಟ್ಟು. ಹೊಟ್ಟೆಗೆ ಸೂಜಿ ಹಾಕಿ ಇನ್ನೊಂದು ಪರೀಕ್ಷೆ ಮಾಡಬೇಕಾಗಬಹುದು ಎಂದು ಡಾಕ್ಟರಮ್ಮ ಬರೆದಿದ್ದರು. ಸೊಸೆ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಅತ್ತೆಯ ಚಿಂತೆಯೇ ಬೇರೆ.

"ನಂಬರ್ ಜಾಸ್ತಿ ಇದ್ರೆ ಹೆಣ್ಣಂತೆ, ಹೌದಾ? ಪಕ್ಕದ ಮನೆಯವಳು ಹೇಳಿದ್ಲು."

"ಸಾವಿರಾರು ಜನರದ್ದು ಸೇರಿಸಿ ನೋಡಿದ್ರೆ ಹೆಣ್ಣಿಗೆ ಒಂಚೂರು ಜಾಸ್ತಿ ಇರುತ್ತಂತೆ. ಒಬ್ಬಳ ಕಾಗದ ನೋಡಿ ಯಾರಪ್ಪನಿಗೂ ಗೊತ್ತಾಗಲ್ಲ. ಈ ಹುಡುಗಿ ಜೀವ ಕೈಲಿ ಹಿಡ್ಕೊಂಡು ಕೂತಿದಾಳೆ, ನಿಮ್ಮದೊಂದು!"

ಬೈಯುತ್ತಲೇ ಕಾಗದ ನೋಡಿದವಳು ಥಟ್ಟನೆ ನಿಂತಳು. ತೂಕ ಎಪ್ಪತ್ತೆರಡು ಕಿಲೋ ಎಂದಿತ್ತು. ಎದುರಿಗೆ ಕೂತವಳೋ, ಫ್ಯಾನ್ ಹಾಕಿದರೆ ಹಾರಿಹೋಗುವಂತಿದ್ದಳು.

"ಈ ತೂಕ ಯಾರಮ್ಮ ಹೇಳಿದ್ದು?"

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆಯೇ ಬಾಯಿಬಿಟ್ಟಳು. "ನಾನೇ. ಸಾಲಲ್ಲಿ ಅಷ್ಟು ಜನ ನಿಂತಿದ್ರು. ನಲವತ್ತೆಂಟು ಅಂದಿದ್ರೆ, ಸೊಸೆಗೆ ಹೊಟ್ಟೆಗೆ ಹಾಕಲ್ಲ ಅಂತ ಆಡ್ಕೊಳ್ತಿರಲಿಲ್ವಾ?"

ಸೂಜಿಯಕ್ಕ ಹಣೆ ಚಚ್ಚಿಕೊಂಡಳು. ಅರ್ಧ ಸಿಟ್ಟು ತನ್ನ ಮೇಲೆಯೇ. ತೂಕದ ಯಂತ್ರ ಮೂಲೆಯಲ್ಲಿ ಡಬ್ಬಗಳ ಕೆಳಗೆ ಬಿದ್ದಿತ್ತು. ಜನ ಜಾಸ್ತಿಯಿದ್ದ ದಿನ ಅವರು ಹೇಳಿದ ತೂಕವನ್ನೇ ಬರೆದುಕೊಳ್ಳುವುದು ರೂಢಿಯಾಗಿತ್ತು. ಮೈ ದಪ್ಪವಿದ್ದವರ ರಕ್ತದಲ್ಲಿ ಪ್ರೋಟೀನು ತೆಳುವಾಗುತ್ತದೆ, ಅದಕ್ಕೇ ತೂಕ ಹೆಚ್ಚಿದ್ದರೆ ಲೆಕ್ಕದಲ್ಲಿ ನಂಬರ್ ಏರಿಸುವುದು. ಸಣಕಲಿಯನ್ನು ದಪ್ಪ ಎಂದು ಬರೆದರೆ, ಇರಬೇಕಾದಷ್ಟೇ ಇದ್ದರೂ ಜಾಸ್ತಿಯೆಂದೇ ಕಾಣುತ್ತದೆ.

ಅವಳು ಡಬ್ಬಗಳನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿ, ಯಂತ್ರ ಎಳೆದು, ಹುಡುಗಿಯನ್ನು ಹತ್ತಿಸಿದಳು. ನಲವತ್ತೇಳೂವರೆ. ಕಾಗದ ಹಿಡಿದು ತಾನೇ ಡಾಕ್ಟರಮ್ಮನ ಬಳಿ ಹೋಗಿ, ತಪ್ಪು ಒಪ್ಪಿಕೊಂಡು, ಸಾಕಷ್ಟು ಬೈಸಿಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಲೆಕ್ಕ ಬಂತು. ನಂಬರ್ ಇಳಿದಿತ್ತು. ಹೊಟ್ಟೆಗೆ ಸೂಜಿ ಬೇಕಿಲ್ಲ ಎಂದರು.

ಸೊಸೆ ಮೆಲ್ಲಗೆ, "ಅಕ್ಕಾ, ಹಸಿವಾಗ್ತಿದೆ" ಎಂದಳು.

ಅತ್ತೆ ಸೂಜಿಯಕ್ಕನ ಕಿವಿಯ ಹತ್ತಿರ ಬಂದಳು. "ನಂಬರ್ ಇಳೀತಲ್ಲ... ಹಾಗಾದ್ರೆ ಗಂಡಾ?"

"ಮೊದಲು ಅವಳಿಗೆ ಊಟ ಹಾಕ್ಸಿ, ತಾಯಿ!"

ಮಾರನೆಯ ದಿನದಿಂದ ತೂಕದ ಯಂತ್ರ ಬಾಗಿಲಲ್ಲೇ ಇತ್ತು. ಅತ್ತೆಯಂದಿರು ಬಾಯಿ ತೆರೆಯುವ ಮೊದಲೇ ಸೂಜಿಯಕ್ಕ ಸೊಸೆಯಂದಿರನ್ನು ಅದರ ಮೇಲೆ ಹತ್ತಿಸಿಬಿಡುತ್ತಿದ್ದಳು.